ಹೊಸ ಕಾಫಿ ಮಳಿಗೆಗಳೂ ಜಿಲ್ಲೆಗಳ ಕಾಫಿಪುಡಿ ವ್ಯಾಪಾರವೂ

ಖರೀದಿಗೆಂದು ಬೆಂಗಳೂರಿನ ಚಿಕ್ಕಪೇಟೆಗೋ ಎಸ್.ಪಿ. ರಸ್ತೆಗೋ ಬರುವ ಜಿಲ್ಲಾ ಕೇಂದ್ರಗಳ ವರ್ತಕರು, ಕೆಲಸ ಮುಗಿಸಿ ಇಂದಿರಾನಗರ, ಕೋರಮಂಗಲ ಅಥವಾ ಜಯನಗರದ ಕಡೆಗೆ ಹೋದಾಗಲೆಲ್ಲ ಹಿಂದಿನ ಸಲ ಇಲ್ಲದಿದ್ದ ಒಂದೆರಡು ಕಾಫಿ ಮಳಿಗೆಗಳು ಕಣ್ಣಿಗೆ ಬೀಳುತ್ತವೆ. ಒಳಹೊಕ್ಕವರ ಮೊದಲ ಉದ್ಗಾರ ಬೆಲೆಯನ್ನು ಕುರಿತೇ ಇರುತ್ತದೆ. ದರ್ಶಿನಿಯಲ್ಲಿ ನಿಂತು ಕುಡಿಯುವ ಲೋಟದ ಕಾಫಿಗಿಂತ ಎಂಟು ಹತ್ತು ಪಟ್ಟು ಹೆಚ್ಚು ತೆತ್ತು ಒಂದು ಬಟ್ಟಲು ಕುಡಿದದ್ದು ಊರಿಗೆ ಮರಳಿದ ಮೇಲೆ ಹೇಳಿಕೊಳ್ಳಲು ಒಳ್ಳೆಯ ಕಥೆಯೇ ಹೌದು. ಆದರೆ ವ್ಯಾಪಾರಿಯ ಕಣ್ಣು ಬೆಲೆಪಟ್ಟಿಯ ಮೇಲೆಯೇ ನಿಂತರೆ ಆ ಭೇಟಿಯಿಂದ ಪ್ರಯೋಜನವಾಗದು. ಅವರು ಗಮನಿಸಬೇಕಾದದ್ದು ಗೋಡೆಯ ಬದಿಯ ಕಪಾಟಿನಲ್ಲಿ ಜೋಡಿಸಿಟ್ಟ ಕಾಲು ಕಿಲೋ ಬೀಜದ ಪೊಟ್ಟಣಗಳನ್ನು.

ಆ ಪೊಟ್ಟಣಗಳ ಮೇಲೆ ತೋಟದ ಹೆಸರು, ಹುರಿದ ಹದ ಮತ್ತು ಹುರಿದ ದಿನಾಂಕ ಮುದ್ರಿತವಾಗಿರುತ್ತವೆ. 2013ರಲ್ಲಿ ದೆಹಲಿಯಲ್ಲಿ ಆರಂಭವಾದ ಬ್ಲೂ ಟೋಕಾಯ್ ಸಂಸ್ಥೆಯು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಅಟ್ಟಿಕಾನ್ ತೋಟದ ಕಾಫಿಯನ್ನು ತೋಟದ ಹೆಸರಿನಿಂದಲೇ ಮಾರುತ್ತ ಬಂದಿದೆ. 2017ರಲ್ಲಿ ಪ್ಯಾರಿಸ್ ನಗರದಲ್ಲಿ ಮಳಿಗೆ ತೆರೆದ ಆಂಧ್ರದ ಅರಕು ಕಾಫಿಯು 2021ರಲ್ಲಿ ಇಂದಿರಾನಗರಕ್ಕೂ ಬಂದಿತು. ದೇಶದ ಕಾಫಿಯಲ್ಲಿ ಶೇ. 70ರಷ್ಟನ್ನು ಬೆಳೆಯುವ ರಾಜ್ಯದ ರಾಜಧಾನಿಯಲ್ಲಿ ಬೇರೊಂದು ರಾಜ್ಯದ ಕಣಿವೆಯ ಹೆಸರು ಫಲಕವೇರಿ ನಿಂತಿದೆ. ಆದರೆ ಹಾಸನ, ಶಿವಮೊಗ್ಗ, ದಾವಣಗೆರೆಗಳ ಪುಡಿ ಅಂಗಡಿಗಳಲ್ಲಿ ತೋಟದಿಂದ ಕೆಲವೇ ಗಂಟೆಗಳ ದಾರಿಯಲ್ಲಿ ಬಂದ ಬೀಜವು ಇಂದಿಗೂ ‘ಪಿ.ಬಿ.’, ‘ಪ್ಲಾಂಟೇಶನ್ ಎ’, ‘ರೋಬಸ್ಟಾ ಚೆರಿ’ ಎಂಬ ದರ್ಜೆಯ ಹೆಸರಿನಲ್ಲಿಯೇ ಮಾರಾಟವಾಗುತ್ತಿದೆ.

ಇದಕ್ಕೆ ವರ್ತಕರನ್ನು ಮಾತ್ರ ದೂರುವುದು ನ್ಯಾಯವಲ್ಲ. 1940ರ ದಶಕದಿಂದ ಹಲವು ದಶಕಗಳ ಕಾಲ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತು. ಅಲ್ಲಿ ತೋಟದ ಗುರುತು ಅಳಿದು ದರ್ಜೆಯ ಗುರುತು ಮಾತ್ರ ಉಳಿಯುತ್ತಿತ್ತು. ಹರಾಜಿನಲ್ಲಿ ಕೊಳ್ಳುವವನಿಗೆ ಬೇರೆ ಮಾಹಿತಿಯ ಅಗತ್ಯವೂ ಇರಲಿಲ್ಲ. 1996ರ ವೇಳೆಗೆ ಬೆಳೆಗಾರನಿಗೆ ಸಂಪೂರ್ಣ ಮುಕ್ತ ಮಾರಾಟದ ಹಕ್ಕು ದೊರೆಯಿತು. ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಮಳಿಗೆ ಬಾಗಿಲು ತೆರೆದದ್ದೂ ಅದೇ ವರ್ಷ. ನಿಯಂತ್ರಣ ಹೋದರೂ ನಿಯಂತ್ರಣದ ಕಾಲದ ಭಾಷೆ ಮಾತ್ರ ಪುಡಿ ವ್ಯಾಪಾರದಿಂದ ಹೋಗಲಿಲ್ಲ. ಮೂವತ್ತು ವರ್ಷ ಸಣ್ಣ ಅವಧಿಯೇನಲ್ಲ.

ಹಾಗೆಂದು ಊರಿನಲ್ಲಿಯೂ ಒಂದು ಗಾಜಿನ ಮಳಿಗೆ ಕಟ್ಟಿಬಿಡೋಣವೆಂಬ ಉತ್ಸಾಹಕ್ಕೆ ಕಡಿವಾಣ ಬೇಕು. ಹೊಸ ಮಾದರಿಯ ಒಂದು ಬಟ್ಟಲಿಗೆ ಸುಮಾರು 18 ಗ್ರಾಂ ಪುಡಿ ಬೇಕಾಗುತ್ತದೆ. ಕಿಲೋಗೆ 55 ಬಟ್ಟಲು. ಹುರಿದ ಬೀಜದ ಬೆಲೆ ಕಿಲೋಗೆ 1,200 ರೂಪಾಯಿ ಎಂದು ಹಿಡಿದರೂ ಬಟ್ಟಲಿನಲ್ಲಿರುವ ಕಾಫಿಯ ವೆಚ್ಚ 22 ರೂಪಾಯಿ ಮಾತ್ರ. ಗಿರಾಕಿ ತೆರುವ 200 ರೂಪಾಯಿಯ ಬಹುಭಾಗವು ಬಾಡಿಗೆ, ಸಂಬಳ, ವಿದ್ಯುತ್, ಆಮದು ಯಂತ್ರದ ಕಂತು, ಎರಡು ಗಂಟೆ ಹಿಡಿದಿಟ್ಟ ಕುರ್ಚಿ ಇವುಗಳಿಗೆ ಸಲ್ಲುತ್ತದೆ. 1980ರ ದಶಕದಲ್ಲಿ ಬಂದ ದರ್ಶಿನಿಗಳು ಕುರ್ಚಿಯನ್ನು ತೆಗೆದುಹಾಕಿ ಲಾಭ ಕಂಡವು. ಈ ಮಳಿಗೆಗಳು ಆ ಕುರ್ಚಿಯನ್ನೇ ಮಾರುತ್ತಿವೆ. ಇದರ ಮೇಲೆ, ಶೇ. 5ರ ಜಿಎಸ್‌ಟಿ ಕಟ್ಟುವ ಸಾಮಾನ್ಯ ಉಪಾಹಾರ ಗೃಹಕ್ಕೆ ಇನ್‌ಪುಟ್ ಕ್ರೆಡಿಟ್ ಇಲ್ಲವಾದ್ದರಿಂದ ಬಾಡಿಗೆಯ ಮೇಲಿನ ಶೇ. 18 ತೆರಿಗೆಯೂ ವೆಚ್ಚಕ್ಕೇ ಸೇರುತ್ತದೆ. ಹುರಿದ ಬೀಜ ಮತ್ತು ಪುಡಿಯ ಮೇಲೂ ಶೇ. 5ರ ತೆರಿಗೆಯೇ ಇದ್ದರೂ ಅಲ್ಲಿ ಕ್ರೆಡಿಟ್ ಪಡೆಯಲು ಅವಕಾಶವಿದೆ. ಆದುದರಿಂದ ಸಣ್ಣ ಊರಿನ ವರ್ತಕನು ಅನುಸರಿಸಬೇಕಾದದ್ದು ಆ ಕಪಾಟನ್ನೇ ಹೊರತು ಪೀಠೋಪಕರಣಗಳನ್ನಲ್ಲ.

ಬ್ರೆಜಿಲ್ ಮತ್ತು ವಿಯೆಟ್ನಾಂಗಳಲ್ಲಿ ಫಸಲು ಕುಗ್ಗಿದ ಪರಿಣಾಮವಾಗಿ 2024 ಮತ್ತು 2025ರಲ್ಲಿ ಬೀಜದ ಧಾರಣೆ ಏರಿದ ಪರಿ ಪುಡಿ ಅಂಗಡಿಯವರಿಗೆಲ್ಲ ನೆನಪಿದೆ. 2025ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರನ್ನು ಮೀರಿತು. ಇಂತಹ ಹೊತ್ತಿನಲ್ಲಿ ಹಳೆಯ ಬೆಲೆಯನ್ನು ಉಳಿಸಿಕೊಂಡು ಚಿಕೋರಿಯ ಪ್ರಮಾಣವನ್ನು ಸದ್ದಿಲ್ಲದೆ ಏರಿಸುವ ಪ್ರಲೋಭನೆ ಸಹಜ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದೆಂದೂ ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ಆಹಾರ ಸುರಕ್ಷತಾ ನಿಯಮಗಳು ವಿಧಿಸಿವೆ. ಚಿಕೋರಿಯೇ ಅಪರಾಧಿ ಎಂಬ ಮಾತು ಸರಿಯಲ್ಲ. ಫಿಲ್ಟರ್ ಕಾಫಿಯ ಬಣ್ಣ ಮತ್ತು ಗಟ್ಟಿತನಕ್ಕೆ ಅದನ್ನೇ ಬಯಸುವ ಮನೆಗಳು ಬಹಳ. ಆದರೆ ಧಾರಣೆ ಏರಿದಾಗಲೆಲ್ಲ ಅದರ ಮೊರೆಹೋಗುವ ಅಂಗಡಿಗೆ ಅಗ್ಗದ ಬೆಲೆಯ ಹೊರತು ಬೇರೆ ಆಕರ್ಷಣೆ ಉಳಿಯುವುದಿಲ್ಲ. ಬೆಲೆಯ ಪೈಪೋಟಿಯಲ್ಲಿ ದೊಡ್ಡ ಕಂಪನಿಗಳ ಪೊಟ್ಟಣವನ್ನು ಸಣ್ಣ ಅಂಗಡಿ ಸೋಲಿಸಲಾರದು.

ಎಂದಿನ ಮಿಶ್ರಣವನ್ನು ಹಾಗೆಯೇ ಮುಂದುವರಿಸುತ್ತ ಒಂದೇ ತೋಟದ ಶುದ್ಧ ಕಾಫಿಗೆ ಒಂದು ಕಪಾಟನ್ನು ಮೀಸಲಿಡುವುದು ವಿವೇಕದ ಮಾರ್ಗ. ಅಡಚಣೆಗಳಿಲ್ಲವೆಂದಲ್ಲ. ಹುರಿಯುವಾಗ ತೂಕದಲ್ಲಿ ಶೇ. 15ರಿಂದ 20 ಕಳೆಯುತ್ತದೆ. ಒಂದು ಚೀಲ ಮಾರಾಟವಾಗದೆ ಉಳಿದರೆ ನಷ್ಟ ನೇರವಾಗಿ ತಟ್ಟುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಸಣ್ಣ ಬೆಳೆಗಾರನ ಬೀಜವು ದಲ್ಲಾಳಿಯ ಗೋದಾಮಿನಲ್ಲಿಯೇ ಇತರರ ಬೀಜದೊಡನೆ ಬೆರೆತುಹೋಗುವುದು. ಅದನ್ನು ಬೇರೆಯಾಗಿಯೇ ಸಂಸ್ಕರಿಸಿಕೊಡಬೇಕೆಂದು ಒಬ್ಬ ವರ್ತಕ ಹತ್ತು ಚೀಲ ಹಿಡಿದು ಹೋದರೆ ಕ್ಯೂರಿಂಗ್ ವರ್ಕ್ಸ್‌ನವರು ಕಿವಿಗೊಡುವುದು ಕಷ್ಟ. ನಾಲ್ಕು ಊರಿನ ವರ್ತಕರು ಒಟ್ಟಾಗಿ ಹೋದರೆ ಮಾತಿಗೆ ತೂಕ ಬರುತ್ತದೆ. ಜಿಲ್ಲಾ ವಾಣಿಜ್ಯ ಸಂಸ್ಥೆಗಳು ವಹಿಸಿಕೊಳ್ಳಬಹುದಾದ ಕೆಲಸವಿದು. ಹೆಸರಿನ ವಿಷಯದಲ್ಲಿಯೂ ಎಚ್ಚರ ಬೇಕು. ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆ ಗುರುತನ್ನು ಬಳಸುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳತಕ್ಕದ್ದು; ಸುಮ್ಮನೆ ಮುದ್ರಿಸಿಕೊಂಡರೆ ತೊಂದರೆ ತಪ್ಪಿದ್ದಲ್ಲ.

ಸಣ್ಣ ಕೈಗಾರಿಕೆಗಳವರಿಗೂ ಇಲ್ಲಿ ಕೆಲಸವಿದೆ. ಹೊಸದಾಗಿ ಹುರಿದ ಬೀಜವು ಕೆಲವು ದಿನಗಳವರೆಗೆ ಇಂಗಾಲದ ಡೈಆಕ್ಸೈಡನ್ನು ಬಿಡುತ್ತಿರುವುದರಿಂದ, ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ಕವಾಟವುಳ್ಳ ಪೊಟ್ಟಣ ಬೇಕು. ಅಂತಹ ಪೊಟ್ಟಣ, ಐದು ಕಿಲೋ ಹುರಿಯುವ ಯಂತ್ರ, ಒಳ್ಳೆಯ ಸ್ಟೀಲ್ ಫಿಲ್ಟರ್ ಇವಾವುವೂ ರಾಜ್ಯದ ಕಾರ್ಯಾಗಾರಗಳ ಕೈಗೆ ಮೀರಿದವಲ್ಲ.

ಹುರಿಯುವ ಹದವನ್ನೂ ರುಚಿ ಪರೀಕ್ಷೆಯನ್ನೂ ಕಲಿಯಬಯಸುವವರಿಗೆ ಕಾಫಿ ಮಂಡಳಿಯು ಬೆಂಗಳೂರಿನ ಡಾ. ಅಂಬೇಡ್ಕರ್ ವೀಧಿಯಲ್ಲಿರುವ ತನ್ನ ಕೇಂದ್ರ ಕಚೇರಿಯ ಮೂಲಕ ‘ಕಾಪಿ ಶಾಸ್ತ್ರ’ ಎಂಬ ಅಲ್ಪಾವಧಿ ತರಬೇತಿಯನ್ನು ನಡೆಸುತ್ತ ಬಂದಿದೆ. ಮೆಜೆಸ್ಟಿಕ್‌ನಿಂದ ಇಂದಿರಾನಗರಕ್ಕೆ ಹೋಗುವ ಮೆಟ್ರೋ ವಿಧಾನಸೌಧ ನಿಲ್ದಾಣದಲ್ಲಿಯೂ ನಿಲ್ಲುತ್ತದೆ. ಹೊಸ ಮಳಿಗೆ ನೋಡಲು ಹೊರಟ ವರ್ತಕರು ಅಲ್ಲಿ ಇಳಿದು, ಮುಂದಿನ ತರಗತಿ ಎಂದಿಗೆಂದು ವಿಚಾರಿಸಿಕೊಂಡೇ ಮುಂದೆ ಸಾಗಬಹುದು.