ಜೂನ್ ತಿಂಗಳ ಫೀಜು ಮತ್ತು ಧರ್ಮಕ್ಷೇತ್ರದ ಶಾಲೆಗಳು

ಜೂನ್ ಎಂದರೆ ಭೂಸನೂರಿನಲ್ಲಿ ಕಬ್ಬಿನ ಗಾಣ ನಿಂತ ತಿಂಗಳು. ದೀಪಾವಳಿಯ ಆಸುಪಾಸಿಗೆ ಸುರುವಾಗುವ ಹಂಗಾಮು ಬೇಸಿಗೆ ಬಲಿಯುವ ಹೊತ್ತಿಗೆ ಮುಗಿದಿರುತ್ತದೆ. ಸಕ್ಕರೆ ಕಾರ್ಖಾನೆಯ ಹಂಗಾಮಿ ಕೆಲಸಗಾರನಿಗೆ ಪೂರ್ತಿ ಪಗಾರ ಇಲ್ಲ. ರೈತನು ತೊಗರಿ ಬೀಜಕ್ಕೂ ಗೊಬ್ಬರಕ್ಕೂ ಸಾಲ ಎತ್ತಿರುತ್ತಾನೆ. ಆದ್ದರಿಂದ ಆಳಂದದ ಕಿರಾಣಿ ಅಂಗಡಿಯವನ ಉದ್ದರಿ ವಹಿ ತುಂಬಿರುತ್ತದೆ, ಗಲ್ಲೆ ಬರಿದಾಗಿರುತ್ತದೆ. ದುಡಿಯುವವನ ಕೈ ಅತ್ಯಂತ ಬಿಗಿಯಾದ ತಿಂಗಳು ಯಾವುದೆಂದು ಹುಡುಕಿ ಆರಿಸಿದಂತೆ, ಅದೇ ತಿಂಗಳಲ್ಲಿ ಶಾಲೆಯ ಬಾಗಿಲಲ್ಲಿ ಫೀಜಿನ ಮೇಜು ಹಾಕಲಾಗುತ್ತದೆ. ಪ್ರವೇಶದ ಹಣ, ಪುಸ್ತಕದ ಹಣ, ಸಮವಸ್ತ್ರದ ಹಣ, ಬೂಟಿನ ಹಣ, ವ್ಯಾನಿನ ಹಣ. ಶಾಲೆಯ ಪಂಚಾಂಗ ಒಂದು, ಕೂಲಿಯ ಪಂಚಾಂಗ ಇನ್ನೊಂದು. ಇವೆರಡನ್ನೂ ಕೂಡಿಸುವ ಕೆಲಸವನ್ನು ಖಾಸಗಿ ಸಾಲದವನು ಮಾಡುತ್ತಾನೆ, ಬಡ್ಡಿಯ ಮೇಲೆ.

ಈ ಮಾತು ಎಲ್ಲ ಖಾಸಗಿ ಶಾಲೆಗಳಿಗೂ ಸಲ್ಲುತ್ತದೆ. ಹಾಗಾದರೆ ನಾವು ಇಲ್ಲಿ ಕೆಥೋಲಿಕರ ಶಾಲೆಗಳ ವಿಷಯವನ್ನೇ ಏಕೆ ಎತ್ತಿದ್ದೇವೆ? ಕಾರಣ ಉಂಟು. ಲಾಭಕ್ಕಾಗಿಯೇ ಶಾಲೆ ತೆರೆದ ಸಾಹುಕಾರನೊಡನೆ ವಾದಿಸಿ ಫಲವಿಲ್ಲ. ಅವನು ಅಕ್ಕಿ ಗಿರಣಿ ಇಟ್ಟಂತೆ ಶಾಲೆ ಇಟ್ಟಿದ್ದಾನೆ. ಆದರೆ ಚರ್ಚು ತಾನು ಬಡವರಿಗಾಗಿ ಶಾಲೆ ನಡೆಸುವೆನೆಂದು ಬರೆದು ಕೊಟ್ಟಿದೆ. 1965ರ ಅಕ್ಟೋಬರ್ 28ರಂದು ರೋಮಿನ ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಶಿಕ್ಷಣ ಕುರಿತ ಘೋಷಣೆಯಲ್ಲಿ ಬಡ ಮಕ್ಕಳ ಕಡೆ ವಿಶೇಷ ಗಮನ ಇರಬೇಕೆಂಬ ಮಾತು ಇದೆ. ಭಾರತದ ಬಿಷಪ್ಪರು 2007ರಲ್ಲಿ ಪ್ರಕಟಿಸಿದ ಶಿಕ್ಷಣ ನೀತಿಯಲ್ಲಿಯೂ ದಲಿತರು, ಆದಿವಾಸಿಗಳು, ಬಡವರು ಮೊದಲು ಎಂಬ ಅರ್ಥದ ಮಾತಿದೆ. ಬರೆದು ಕೊಟ್ಟವನ ಬಳಿ ಲೆಕ್ಕ ಕೇಳುವದು ಅಪರಾಧವಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡೋಣ. ನಮ್ಮ ಕಡೆ ಕಾನ್ವೆಂಟ್ ಎಂಬ ಬೋರ್ಡು ಕಂಡಲ್ಲೆಲ್ಲ ಭಗಿನಿಯರು ಇರುವದಿಲ್ಲ. ಇಂಗ್ಲೀಷು ಹೇಳಿಕೊಡುವ ಎರಡು ಕೋಣೆಯ ಮಾಳಿಗೆಗೂ ಜನ ಕಾನ್ವೆಂಟ್ ಎನ್ನುತ್ತಾರೆ. ಸಂತರ ಹೆಸರನ್ನು ವ್ಯಾಪಾರದ ಮುದ್ರೆ ಮಾಡಿಕೊಂಡವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಅವರ ಪಾಪವನ್ನು ಪಾದ್ರಿಗಳ ತಲೆಗೆ ಕಟ್ಟುವದು ನ್ಯಾಯವಲ್ಲ. ಯಾವುದೋ ಒಂದು ಶಾಲೆಯ ಕಡೆ ಬೊಟ್ಟು ಮಾಡುವದೂ ನಮ್ಮ ಉದ್ದೇಶವಲ್ಲ. ನಾವು ಮಾತನಾಡುತ್ತಿರುವದು ಧರ್ಮಕ್ಷೇತ್ರಗಳ ವಿದ್ಯಾ ವಿಭಾಗಗಳನ್ನು ನಡೆಸುವವರೊಡನೆ. ಮೇ ತಿಂಗಳಲ್ಲಿ ಮುಖ್ಯಸ್ಥರನ್ನು ಒಂದೂರಿಂದ ಇನ್ನೊಂದೂರಿಗೆ ವರ್ಗ ಮಾಡುವವರು, ಫೀಜಿನ ಪಟ್ಟಿಗೆ ಸಹಿ ಹಾಕುವವರು, ಮಾಸ್ತರರನ್ನು ನೇಮಿಸುವವರು ಅವರು.

ಕಲಬುರಗಿ, ಬೀದರ, ಯಾದಗಿರಿ ಸೀಮೆಗೆಂದು ಗುಲ್ಬರ್ಗಾ ಧರ್ಮಕ್ಷೇತ್ರ ಬೇರೆಯಾಗಿ ಸ್ಥಾಪನೆಯಾದದ್ದು 2005ರಲ್ಲಿ. ಕಲಬುರಗಿ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರಷ್ಟೂ ಇಲ್ಲ. ಅಂದರೆ ಇಲ್ಲಿ ಚರ್ಚು ಶಾಲೆ ತೆರೆದರೆ ಅದರ ಬೆಂಚಿನ ಮೇಲೆ ಕೂಡುವವರು ಬಹುತೇಕ ನಮ್ಮ ನಿಮ್ಮ ಮಕ್ಕಳೇ: ಲಿಂಗಾಯತರ, ಮುಸಲ್ಮಾನರ, ಕಬ್ಬಲಿಗರ, ಹೊಲೆಯ ಮಾದಿಗರ ಮಕ್ಕಳು. ಇದು ಒಳ್ಳೆಯದೇ. ನಿಜಾಮನ ರಾಜ್ಯದಲ್ಲಿ ಇಲ್ಲಿಯ ಮಕ್ಕಳಿಗೆ ಉರ್ದುವಿನಲ್ಲಿ ಕಲಿಯುವ ದುರ್ದೆಸೆ ಇತ್ತು. 1907ರಲ್ಲಿ ಕಲಬುರಗಿಯ ನೂತನ ವಿದ್ಯಾಲಯದಂಥ ಸಂಸ್ಥೆಗಳನ್ನು ಊರವರು ಕೈಯಾರೆ ಕಟ್ಟಿಕೊಳ್ಳಬೇಕಾಯಿತು. ಮಂಗಳೂರಿನಲ್ಲಿಯಾದರೋ ಯೇಸು ಸಭೆಯವರು 1880ರಲ್ಲಿಯೇ ಸಂತ ಅಲೋಶಿಯಸ್ ಕಾಲೇಜು ತೆರೆದಿದ್ದರು. ಒಂದು ಕಡೆ ಸುಮಾರು ಒಂದೂವರೆ ನೂರು ವರ್ಷಗಳ ಶಾಲೆಗಳ ಸಾಲು, ಇನ್ನೊಂದು ಕಡೆ 1948ರ ಪೋಲೀಸ್ ಕಾರ್ಯಾಚರಣೆಯ ತನಕ ಕನ್ನಡಕ್ಕೇ ಬಾಗಿಲಿಲ್ಲದ ನಾಡು. ಇದರ ಫಲವನ್ನು 2025ರ ಎಸ್ಸೆಸ್ಸೆಲ್ಸಿಯ ಮೊದಲ ಪರೀಕ್ಷೆಯಲ್ಲಿ ಕಂಡೆವು: ದಕ್ಷಿಣ ಕನ್ನಡ ನೂರಕ್ಕೆ 91.12, ರಾಜ್ಯಕ್ಕೆ ಮೊದಲು. ಕಲಬುರಗಿ ನೂರಕ್ಕೆ 42.43, ರಾಜ್ಯಕ್ಕೆ ಕೊನೆ. ನಮ್ಮ ಮಕ್ಕಳು ದಡ್ಡರೆಂದು ಇದಕ್ಕೆ ಅರ್ಥ ಹಚ್ಚುವವನ ಬಾಯಿಗೆ ಬೀಗ ಹಾಕಬೇಕು.

ಕರಾವಳಿಯಿಂದ ಬಂದ ಪಾದ್ರಿಗಳು, ಭಗಿನಿಯರು ಆ ವಿದ್ಯೆಯನ್ನು ಇಲ್ಲಿಗೂ ತರಬಲ್ಲರು. ತಂದ ಉದಾಹರಣೆಯೂ ಇದೆ. ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಪನ್ನೂರಿನಲ್ಲಿ ಯೇಸು ಸಭೆಯವರು ದಲಿತ ಮಕ್ಕಳಿಗಾಗಿಯೇ ಕನ್ನಡ ಶಾಲೆ ತೆರೆದು ದುಡಿದಿದ್ದಾರೆ. ಅಲ್ಲಿ ಸಾಧ್ಯವಾದದ್ದು ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಏಕೆ ಅಸಾಧ್ಯ? ಈ ಮೂರೂ ತಾಲ್ಲೂಕುಗಳು ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಇದ್ದವು, ಮಾನ್ವಿಯೂ ಅದರಲ್ಲಿತ್ತು. ಬಡತನ ಸಮಾನವಾಗಿದೆ, ಶಾಲೆ ಮಾತ್ರ ಎರಡು ಬಗೆ. ಒಂದೇ ಚರ್ಚು ಹಳ್ಳಿಗೆ ಹೋದರೆ ಸೇವೆ ಎನ್ನುತ್ತದೆ, ಪಟ್ಟಣಕ್ಕೆ ಬಂದರೆ ಗುಣಮಟ್ಟ ಎನ್ನುತ್ತದೆ. ಪಟ್ಟಣದ ಶಾಲೆಯ ಆದಾಯದಿಂದ ಹಳ್ಳಿಯ ಶಾಲೆ ನಡೆಯುತ್ತದೆ ಎಂದು ಅವರು ಉತ್ತರ ಕೊಡುವದುಂಟು. ಇರಬಹುದು. ಹಾಗಿದ್ದರೆ ಆ ಲೆಕ್ಕವನ್ನು ಪಾಲಕರ ಮುಂದೆ ಬಿಚ್ಚಿಡಲಿ. ಪಟ್ಟಣದ ಹಮಾಲನ ಮಗಳೂ ಬಡವಳೇ, ಅವಳನ್ನು ಯಾವ ಶಾಲೆಗೆ ಕಳಿಸುತ್ತೀರಿ ಎಂಬುದನ್ನೂ ಹೇಳಲಿ.

ಈಗ ಕಾನೂನಿನ ಗೋಡೆಯ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳು ನೂರಕ್ಕೆ 25 ಸ್ಥಾನಗಳನ್ನು ಬಡವರ ಮಕ್ಕಳಿಗೆ ಕೊಡತಕ್ಕದ್ದೆಂದು ವಿಧಿಸಿತು. ಅನುದಾನ ಪಡೆಯದ ಅಲ್ಪಸಂಖ್ಯಾತ ಶಾಲೆಗಳಿಗೆ ಇದು ಅನ್ವಯಿಸದೆಂದು ಸುಪ್ರೀಂ ಕೋರ್ಟು 2012ರ ಏಪ್ರಿಲ್‌ನಲ್ಲಿ ಹೇಳಿತು. 2014ರ ಮೇ 6ರಂದು ಪ್ರಮತಿ ಮೊಕದ್ದಮೆಯಲ್ಲಿ, ಅನುದಾನ ಪಡೆಯಲಿ ಬಿಡಲಿ, ಯಾವ ಅಲ್ಪಸಂಖ್ಯಾತ ಶಾಲೆಗೂ ಆ ಕಾಯ್ದೆಯೇ ಅನ್ವಯಿಸದೆಂದು ತೀರ್ಮಾನವಾಯಿತು. ಅದೇ ದಿನ, ಅದೇ ಕೋರ್ಟಿನಲ್ಲಿ, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಕರ್ನಾಟಕ ಸರ್ಕಾರ ಕಡ್ಡಾಯ ಮಾಡಲಾಗದೆಂಬ ತೀರ್ಪೂ ಬಂದಿತು. ಒಂದೇ ದಿನ ಬಡವನ ಮಗನಿಗೆ ಒಳಗೆ ಹೋಗುವ ಬಾಗಿಲೂ ಮುಚ್ಚಿತು, ಹೊರಗೆ ನಿಂತು ಆಡುವ ಮಾತಿಗೂ ಬೆಲೆ ತಪ್ಪಿತು. 2025ರ ಸೆಪ್ಟೆಂಬರ್ 1ರಂದು ಅದೇ ಕೋರ್ಟಿನ ಇಬ್ಬರು ನ್ಯಾಯಾಧೀಶರು ಪ್ರಮತಿ ತೀರ್ಪು ಸರಿಯೇ ಎಂದು ಸಂಶಯ ವ್ಯಕ್ತಪಡಿಸಿ, ಅದನ್ನು ದೊಡ್ಡ ಪೀಠದ ಮುಂದೆ ಇಡಲು ಮುಖ್ಯ ನ್ಯಾಯಾಧೀಶರಿಗೆ ಒಪ್ಪಿಸಿದರು. ಸಂಶಯ ಬರಲು ಹನ್ನೊಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಒಂದನೆಯ ಇಯತ್ತೆಗೆ ಸೇರಬೇಕಿದ್ದ ಕೂಸು ಎಸ್ಸೆಸ್ಸೆಲ್ಸಿ ದಾಟಿರುತ್ತದೆ, ಇಲ್ಲವೆ ಪುಣೆಯಲ್ಲಿ ಇಟ್ಟಿಗೆ ಹೊರುತ್ತಿರುತ್ತದೆ.

ಸಂವಿಧಾನದ 30ನೆಯ ವಿಧಿಯನ್ನು ನಾವು ಒಪ್ಪುತ್ತೇವೆ. ಅಲ್ಪಸಂಖ್ಯಾತರು ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕನ್ನು ಯಾರಾದರೂ ಕಸಿಯಲು ಬಂದರೆ ಕಾರ್ಮಿಕರು ಶಾಲೆಯ ಬಾಗಿಲಲ್ಲಿ ನಿಂತು ತಡೆಯಬೇಕು. ಆದರೆ ಹಕ್ಕು ಬೇರೆ, ಹಕ್ಕಿನ ನೆಪ ಬೇರೆ. 25 ಸ್ಥಾನ ಕೊಡಲೇಬೇಕೆಂದು ಕಾಯ್ದೆ ಒತ್ತಾಯ ಮಾಡುವದಿಲ್ಲ, ಸರಿ. ಕೊಡಬಾರದೆಂದು ಯಾವ ಕೋರ್ಟು ಹೇಳಿದೆ? ನಾಳೆ ಬೆಳಿಗ್ಗೆ ಧರ್ಮಕ್ಷೇತ್ರದ ವಿದ್ಯಾ ವಿಭಾಗ ತಾನಾಗಿ ಚೀಟಿ ಎತ್ತಿ ಕಾಲು ಭಾಗ ಸ್ಥಾನ ಬಡವರಿಗೆ ಕೊಟ್ಟರೆ ಅದರ ಅಲ್ಪಸಂಖ್ಯಾತ ಹಕ್ಕಿಗೆ ಕೂದಲೆಳೆಯಷ್ಟೂ ಊನವಾಗದು.

ಕಾವಿ ರುಮಾಲಿನವರು ಈ ಲೇಖನ ಓದಿ ಖುಷಿಪಡುವದು ಬೇಡ. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಲಾರೆನ್ಸ್ ಹೈಸ್ಕೂಲಿನಲ್ಲಿ (ಅದು ಕೆಥೋಲಿಕರದ್ದೂ ಅಲ್ಲ) ಬೈಬಲ್ ಓದಿಸುತ್ತಾರೆಂದು ಎಷ್ಟು ಗದ್ದಲ! ಆ ಗದ್ದಲದಲ್ಲಿ ಒಬ್ಬನಾದರೂ ಫೀಜು ಎಷ್ಟೆಂದು ಕೇಳಿದನೇ? ಮಠದ ಶಾಲೆಯಲ್ಲಿ, ಸೆಟ್ಟರ ಶಾಲೆಯಲ್ಲಿ, ಮಂತ್ರಿಗಳ ಶಾಲೆಯಲ್ಲಿ ಅದೇ ಫೀಜು ತೆರುವಾಗ ಅವರ ಧರ್ಮ ಎಲ್ಲಿ ಮಲಗಿತ್ತು? ಕೆಥೋಲಿಕ ಬಿಷಪ್ಪರ ಸಭೆ 2024ರಲ್ಲಿ ತನ್ನ ಶಾಲೆಗಳಿಗೆ ಸೂಚನೆ ಕೊಟ್ಟು, ಅನ್ಯ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬೇಡಿ, ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಸಂವಿಧಾನದ ಪ್ರಸ್ತಾವನೆ ಓದಿಸಿರಿ ಎಂದು ಹೇಳಿತು. ಬಹಳ ಒಳ್ಳೆಯದು. ಆದರೆ ಆ ಪ್ರಸ್ತಾವನೆಯಲ್ಲಿ ಸಮಾನತೆ ಎಂಬ ಶಬ್ದ ಬರುತ್ತದೆ, ಸಮಾಜವಾದಿ ಎಂಬ ಶಬ್ದವೂ ಬರುತ್ತದೆ. ಫೀಜು ಕಟ್ಟದ ಹುಡುಗನನ್ನು ಬಿಸಿಲಿಗೆ ನಿಲ್ಲಿಸಿ ಉಳಿದವರಿಂದ ಅದನ್ನು ಓದಿಸುವ ಶಾಲೆ, ಯಾವ ಧರ್ಮದ್ದೇ ಆಗಿರಲಿ, ಏನನ್ನು ಕಲಿಸಿದಂತಾಯಿತು?

ಮಾಸ್ತರರ ವಿಷಯ ಗಿರಣಿ ಕಾರ್ಮಿಕರು ಗಮನವಿಟ್ಟು ಓದಬೇಕು. ಎಂ.ಎಸ್.ಕೆ. ಗಿರಣಿ ನಡೆಯುತ್ತಿದ್ದಾಗ ಕೆಲಸದಿಂದ ತೆಗೆದವನು ಲೇಬರ್ ಕೋರ್ಟಿಗೆ ಹೋಗುತ್ತಿದ್ದ. ಖಾಸಗಿ ಶಾಲೆಯ ಶಿಕ್ಷಕಿಗೆ ಆ ದಾರಿ ಇರಲಿಲ್ಲ. ಗೋವೆಯ ಕರಂಜಾಳೆಯಲ್ಲಿ ಭಗಿನಿಯರ ಸಂಘವೊಂದು ನಡೆಸುತ್ತಿದ್ದ ಶಾಲೆಯಿಂದ ಸುಂದರಾಂಬಾಳ್ ಎಂಬ ಶಿಕ್ಷಕಿಯನ್ನು 1975ರಲ್ಲಿ ತೆಗೆದರು. ಆಕೆ ಸುಪ್ರೀಂ ಕೋರ್ಟಿನ ತನಕ ಹೋದಳು. ಶಾಲೆ ಉದ್ಯಮ ಹೌದು, ಆದರೆ ಕಲಿಸುವವಳು ಕಾರ್ಮಿಕಳಲ್ಲ ಎಂದು 1988ರಲ್ಲಿ ಕೋರ್ಟು ಹೇಳಿತು. ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಆಶ್ರಯ ಆಕೆಗೆ ತಪ್ಪಿತು. ಮುಂದೆ ಗ್ರಾಚ್ಯುಯಿಟಿಯ ಮಾತು ಬಂತು. ಶಿಕ್ಷಕರು ಅದಕ್ಕೂ ಸಲ್ಲರೆಂದು 2004ರಲ್ಲಿ ತೀರ್ಪಾಯಿತು. ಪಾರ್ಲಿಮೆಂಟು 2009ರಲ್ಲಿ ಕಾಯ್ದೆ ತಿದ್ದಿ, 1997ರಿಂದಲೇ ಅನ್ವಯವಾಗುವಂತೆ ಮಾಡಿತು. ಖಾಸಗಿ ಶಾಲೆಗಳ ಒಕ್ಕೂಟ ಅದನ್ನೂ ಪ್ರಶ್ನಿಸಿತು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಶಿಕ್ಷಕರ ಪರವಾಗಿ ನಿಂತ ಮೇಲೆಯೇ ಪ್ರಶ್ನೆ ಮುಗಿದದ್ದು. ಮಕ್ಕಳಿಗೆ ನೀತಿಪಾಠ ಹೇಳುವವರು ಮುದುಕಿ ಶಿಕ್ಷಕಿಯ ಗ್ರಾಚ್ಯುಯಿಟಿಗಾಗಿ ಹದಿಮೂರು ವರ್ಷ ವಕೀಲರಿಗೆ ಹಣ ತೆತ್ತರೆಂಬುದನ್ನು ಮರೆಯಬಾರದು.

ಭಗಿನಿಯರು, ಸಂಘಗಳಿಗೆ ಸೇರಿದ ಪಾದ್ರಿಗಳು ದಾರಿದ್ರ್ಯದ ವ್ರತ ತೊಟ್ಟವರು. ತಮ್ಮ ಪಗಾರವನ್ನು ಸಂಘಕ್ಕೆ ಒಪ್ಪಿಸುತ್ತಾರೆ. ಆ ತ್ಯಾಗವನ್ನು ನಾವು ಗೌರವಿಸುತ್ತೇವೆ. ಆದರೆ ಅವರ ಪಕ್ಕದ ಕೋಣೆಯಲ್ಲಿ ಪಾಠ ಹೇಳುವ ಹೆಣ್ಣುಮಗಳು ಅಂಥ ವ್ರತ ತೊಟ್ಟಿಲ್ಲ. ಅವಳಿಗೆ ಮನೆ ಬಾಡಿಗೆ ಇದೆ, ಮಕ್ಕಳಿವೆ. ಜೂನಿನಲ್ಲಿ ನೇಮಿಸಿ ಏಪ್ರಿಲ್‌ನಲ್ಲಿ ಬಿಡಿಸುವ, ಮೇ ತಿಂಗಳ ಪಗಾರ ಉಳಿಸುವ ಪದ್ಧತಿ ಖಾಸಗಿ ಶಾಲೆಗಳಲ್ಲಿ ಎಷ್ಟು ಹಬ್ಬಿದೆ ಎಂಬುದನ್ನು ನಿಮ್ಮ ಓಣಿಯ ಯಾವ ಶಿಕ್ಷಕಿಯಾದರೂ ಹೇಳಿಯಾಳು. ಕಾರ್ಖಾನೆಯಲ್ಲಿ ಇದಕ್ಕೆ ಬದಲಿ ಕೆಲಸಗಾರ ಎನ್ನುತ್ತಿದ್ದೆವು.

ದೊಡ್ಡ ತಪ್ಪಿತಸ್ಥ ಸರ್ಕಾರವೇ ಎಂಬುದನ್ನು ಹೇಳದಿದ್ದರೆ ಈ ಲೇಖನ ಅನ್ಯಾಯವಾದೀತು. ಚರ್ಚಿನ ಶಾಲೆಯ ಮುಂದೆ ಸರದಿ ನಿಲ್ಲುವವನು ಚರ್ಚಿನ ಮೇಲಿನ ಪ್ರೀತಿಯಿಂದ ನಿಲ್ಲುವದಿಲ್ಲ. ಸರ್ಕಾರಿ ಶಾಲೆಯಲ್ಲಿ ಮಾಸ್ತರನಿಲ್ಲವೆಂದು ನಿಲ್ಲುತ್ತಾನೆ. ಶಾಲೆ ತೆರೆದ ಮೇಲೆ ಅತಿಥಿ ಶಿಕ್ಷಕರನ್ನು ಹುಡುಕುವ ವಿದ್ಯಾಖಾತೆ ನಮ್ಮದು. 371(ಜೆ) ಕಲಮನ್ನು ಪಾರ್ಲಿಮೆಂಟು 2012ರಲ್ಲಿ ಒಪ್ಪಿದಾಗ ಮೆರವಣಿಗೆ ತೆಗೆದವರು 2025ರ ಆ 42.43ರ ಮುಂದೆ ಮೌನ ತಾಳಿದರು. 1995ರ ನಂತರ ಸುರುವಾದ ಕನ್ನಡ ಶಾಲೆಗಳಿಗೆ ಅನುದಾನ ಕೊಡಿರೆಂದು ಜನ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡರು. ಅನುದಾನವಿಲ್ಲದ ಕನ್ನಡ ಶಾಲೆ ಇಂಗ್ಲೀಷು ಬೋರ್ಡು ಹಾಕಿಕೊಂಡೇ ಉಳಿಯಬೇಕು, ಇಲ್ಲವೆ ಮುಚ್ಚಬೇಕು. ಇನ್ನು 25 ಸ್ಥಾನಗಳ ಕತೆ: 2019ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಬಡವನಿಗೆ ಸ್ಥಾನವಿಲ್ಲವೆಂದಿತು. ಲಕ್ಷದ ಮೇಲಿದ್ದ ಸ್ಥಾನಗಳು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರಕ್ಕೂ ಕೆಳಗೆ ಇಳಿದವು. 2023ರ ಜನವರಿಯಲ್ಲಿ ಹೈಕೋರ್ಟು ಅನುದಾನರಹಿತ ಶಾಲೆಗಳ ಫೀಜು ನಿಯಂತ್ರಿಸುವ ಕಲಮುಗಳನ್ನೂ ತೊಡೆದು ಹಾಕಿತು.

ಆದುದರಿಂದ ವಿದ್ಯಾ ವಿಭಾಗದವರಿಗೆ ನಮ್ಮ ಮಾತು ಸರಳ. ಫೀಜನ್ನು ಜೂನಿನಲ್ಲಿ ಗಂಟಾಗಿ ಕೇಳಬೇಡಿರಿ; ಜೂನಿನಲ್ಲಿ ಹತ್ತರಲ್ಲಿ ಒಂದು ಪಾಲು, ಉಳಿದದ್ದು ಕಾರ್ಖಾನೆ ಸುರುವಾಗಿ ತೊಗರಿ ಮಾರುಕಟ್ಟೆಗೆ ಬಂದ ಮೇಲೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಪುಸ್ತಕ, ಬಟ್ಟೆಗಳನ್ನು ಪೇಟೆಯ ಯಾವ ಅಂಗಡಿಯಲ್ಲಾದರೂ ಕೊಳ್ಳಲು ಬಿಡಿರಿ. ಒಬ್ಬನೇ ಗುತ್ತಿಗೆದಾರನಿಗೆ ಸಾವಿರ ಸಮವಸ್ತ್ರ ಒಪ್ಪಿಸಿದರೆ ಆಳಂದದ ಬಟ್ಟೆ ಅಂಗಡಿಯವನೂ ದರ್ಜಿಯೂ ನೊಣ ಹೊಡೆಯಬೇಕಾಗುತ್ತದೆ, ಪಾಲಕನು ಎರಡರಷ್ಟು ತೆರಬೇಕಾಗುತ್ತದೆ. ಮಾಸ್ತರರಿಗೆ ನೇಮಕದ ಕಾಗದ, ಹನ್ನೆರಡು ತಿಂಗಳ ಪಗಾರ. ಕಾಲು ಭಾಗ ಸ್ಥಾನ ಬಡವರಿಗೆ, ಚೀಟಿ ಎತ್ತಿ, ಎಲ್ಲರ ಎದುರಿಗೆ.

ಪಾಲಕರಿಗೂ ಒಂದು ಮಾತು. ಮುಖ್ಯಸ್ಥರ ಕೋಣೆಗೆ ಒಬ್ಬೊಬ್ಬರೇ ಹೋಗಿ ಕೈ ಮುಗಿದು ರಿಯಾಯಿತಿ ಬೇಡುವದನ್ನು ನಿಲ್ಲಿಸಿರಿ. ರಿಯಾಯಿತಿ ಸಿಕ್ಕವನು ಮರುದಿನ ಸಿಗದವನ ಮುಖ ನೋಡುವದಿಲ್ಲ, ಧಣಿಗೆ ಬೇಕಾದದ್ದೂ ಅದೇ. ಫೀಜಿನ ಪ್ರತಿ ರೂಪಾಯಿಗೂ ರಸೀದಿ ಕೇಳಿರಿ, ರಸೀದಿಗಳನ್ನು ಒಂದು ಕಡೆ ಕೂಡಿಸಿರಿ, ಯಾವ ಶಾಲೆ ಯಾವುದಕ್ಕೆ ಎಷ್ಟು ಪಡೆಯಿತೆಂದು ಒಂದು ಹಾಳೆಯಲ್ಲಿ ಬರೆಯಿರಿ. ಭೂಸನೂರಿನ ಪಾಳಿ ಕೆಲಸಗಾರರೂ ಆಳಂದದ ಅಂಗಡಿಕಾರರೂ ಒಟ್ಟಿಗೆ ಆ ಹಾಳೆ ಹಿಡಿದು, ಶಾಲೆ ತೆರೆದ ಮೊದಲ ವಾರದಲ್ಲಿಯೇ, ಮಕ್ಕಳನ್ನು ಒಳಗೆ ಕಳಿಸಿದ ಮೇಲೆ, ಗೇಟಿನ ಹತ್ತಿರ ನಿಲ್ಲಿರಿ.