ಗಾಳಕ್ಕೆ ಸಾವಿರ, ಕಾಲಿಗೆ ಹವಾಯಿ!

ತುಂಗಭದ್ರೆಯ ನೀರು ಇಳಿದು ಬಂಡೆಗಳು ಬೆನ್ನು ತೋರಿಸಿದವೆಂದರೆ ಸಾಕು, ಕುಮಾರಪಟ್ಟಣದ ಹೊಳೆದಂಡೆಗೆ ಗಾಳದವರ ಹಾಜರಿ ತಪ್ಪದು. ಪಾಳಿ ಮುಗಿಸಿದ ಕಾರ್ಮಿಕರು, ಸೇತುವೆ ದಾಟಿ ಬರುವ ಹರಿಹರದವರು, ಕೊಡಿಯಾಲದ ಹುಡುಗರು ಎಲ್ಲರೂ ಬಂಡೆಯ ತುದಿಗೇ ಹೋಗಿ ನಿಲ್ಲುವವರು. ಕೈಯಲ್ಲಿ ಹೊಸ ನಮೂನೆಯ ಕೋಲು, ರೀಲು, ಗಟ್ಟಿ ದಾರ, ಡಬ್ಬಿ ತುಂಬ ಎರೆಹುಳ. ಎಲ್ಲಾ ಬರೋಬರಿ ಐತಿ. ಕಾಲಿನ ಕಡೆ ನೋಡಿದರೆ ಮಾತ್ರ ಹಿಮ್ಮಡಿ ಸವೆದು ಕಾಗದದಂತಾದ ಹವಾಯಿ ಚಪ್ಪಲಿ!

ಗಾಳಕ್ಕೆ ಸಾವಿರಗಟ್ಟಲೆ ಸುರಿಯುವ ಮನುಷ್ಯ ಕಾಲಿಗೆ ಕಾಸು ಬಿಚ್ಚುವುದಿಲ್ಲ. ಕೇಳಿದರೆ, "ನಾವು ಹೊಳಿ ದಂಡ್ಯಾಗ ಹುಟ್ಟಿದವರು, ನಮಗೇನು ಹೇಳ್ತೀರಿ" ಎಂಬ ಉತ್ತರ ಸಿದ್ಧ. ಅಂಬಿಗರ ಚೌಡಯ್ಯನ ಚೌಡದಾನಪುರ ಇರುವುದೂ ಇದೇ ರಾಣೇಬೆನ್ನೂರು ತಾಲ್ಲೂಕಿನ ಇದೇ ಹೊಳೆಯ ದಂಡೆಯಲ್ಲಿ. ನೀರಿನ ಸಂಗಡ ಬಾಳಿದ ನಾಡು ಇದು ಎಂಬುದು ಖರೆ. ಆದರೆ ತೆಪ್ಪ ಹುಟ್ಟು ಹಾಕಿ ಬೆಳೆದವನ ಬರಿಗಾಲು ಬೇರೆ, ವಾರಕ್ಕೊಮ್ಮೆ ಬಂಡೆ ಏರುವವನ ರಬ್ಬರ್ ಚಪ್ಪಲಿ ಬೇರೆ. ಬರಿಗಾಲಿನ ಬೆರಳು ಕಲ್ಲನ್ನು ಕಚ್ಚಿ ಹಿಡಿಯುತ್ತದೆ. ಹವಾಯಿ ಚಪ್ಪಲಿ ಯಾವುದನ್ನೂ ಹಿಡಿಯುವುದಿಲ್ಲ, ಕಾಲನ್ನೂ ಸಹ.

ಕಲ್ಲು ಮೂರು ತರಹ

ಚಪ್ಪಲಿ ಅಂಗಡಿಗೆ ಹೋಗುವ ಮುಂಚೆ ಕಲ್ಲಿನ ಗುಣ ತಿಳಿಯಬೇಕು. ಒಣಗಿದ ಬಂಡೆ ಒಂದು, ತೊಯ್ದರೂ ಶುದ್ಧವಾಗಿರುವ ಬಂಡೆ ಇನ್ನೊಂದು, ಪಾಚಿ ಹಿಡಿದ ಬಂಡೆ ಮೂರನೆಯದು. ಮೊದಲ ಎರಡರ ಮೇಲೆ ಮೆತ್ತನೆಯ ರಬ್ಬರ್ ತಳ ಚೆನ್ನಾಗಿ ಕೂರುತ್ತದೆ, ಏಕೆಂದರೆ ರಬ್ಬರ್ ಕಲ್ಲಿನ ತರಿಗೆ ಒತ್ತಿಕೊಳ್ಳುತ್ತದೆ. ಮೂರನೆಯದರಲ್ಲಿ ಆ ಆಟ ನಡೆಯದು. ಅಲ್ಲಿ ಕಾಲು ಊರುವುದು ಕಲ್ಲಿನ ಮೇಲಲ್ಲ, ಕಲ್ಲಿಗೆ ಅಂಟಿದ ಲೋಳೆಯ ಮೇಲೆ. ತಳ ಎಷ್ಟು ಮೆತ್ತಗಿದ್ದರೂ ಕಲ್ಲು ಸಿಗದೆ ಹಿಡಿತ ಎಲ್ಲಿಂದ ಬರಬೇಕು?

ನಾಲ್ಕನೆಯ ಮೋಸವೂ ಒಂದುಂಟು. ನೀರು ಇಳಿದಾಗ ಪಾಚಿ ಒಣಗಿ ಬಂಡೆಯ ಬಣ್ಣವೇ ಆಗಿಬಿಡುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಿಂದ ಹೊಳೆಗೆ ನೀರು ಬಿಟ್ಟರೆ ಇಲ್ಲಿ ಮಟ್ಟ ಏರುತ್ತದೆ. ಒಣಗಿದ ಆ ಪದರಿಗೆ ನೀರು ತಾಗಿತೆಂದರೆ ಮತ್ತೆ ಸಾಬೂನು! ಬೆಳಿಗ್ಗೆ ನಡೆದು ಹೋದ ಬಂಡೆಯೇ ಸಂಜೆ ವಾಪಸು ಬರುವಾಗ ಜಾರಿಸುತ್ತದೆ. ಊರ ಚರಂಡಿ ನೀರು ಹೊಳೆಗೆ ಬೀಳುವ ಕಡೆಯಂತೂ ಪಾಚಿಗೆ ಗೊಬ್ಬರ ಹಾಕಿದ ಹಾಗೆ.

ಯಾವ ಗುಬ್ಬಿ, ಯಾವ ಮೊಳೆ?

ಇಂಥ ಕಲ್ಲಿಗೆ ಬೇಕಾದದ್ದು ಪಾಚಿಯನ್ನು ಚುಚ್ಚಿ ಕಲ್ಲನ್ನು ಮುಟ್ಟುವ ತಳ. ಹಾಗೆಂದು ಮೊಳೆ ಇದ್ದದ್ದೆಲ್ಲ ಒಳ್ಳೆಯದೆಂದು ತಿಳಿಯಬಾರದು. ಫುಟ್ಬಾಲ್ ಬೂಟಿನ ಅಡಿಯ ಗಟ್ಟಿ ಪ್ಲಾಸ್ಟಿಕ್ ಗುಬ್ಬಿಗಳು ಮೆತ್ತನೆಯ ಮಣ್ಣಿಗಾಗಿ ಮಾಡಿದವು. ಬಂಡೆಯ ಮೇಲೆ ನಾಲ್ಕಾರು ಗುಬ್ಬಿಯ ತುದಿಯಷ್ಟೇ ಕಲ್ಲಿಗೆ ತಾಗಿ ಮನುಷ್ಯ ಗೋಲಿಯ ಮೇಲೆ ನಿಂತಂತಾಗುತ್ತಾನೆ. ಕ್ರಿಕೆಟ್ ಬೂಟಿನ ಉದ್ದ ಮೊಳೆಗೂ ಇದೇ ದೋಷ, ಜೊತೆಗೆ ಪಾದ ಹೊರಳಿ ಕೀಲು ಉಳುಕುವ ಭಯ. ಹಳ್ಳಿಯಲ್ಲಿ ಮೊಳೆ ಬಡಿದ ಮೆಟ್ಟು ಇದ್ದವಲ್ಲ ಎನ್ನುವ ಹಿರಿಯರಿದ್ದಾರೆ. ಆ ಗುಂಡುತಲೆಯ ಮೊಳೆ ತೊಗಲು ಸವೆಯದಿರಲೆಂದು ಬಡಿದದ್ದು, ನುಣುಪು ಕಲ್ಲಿನ ಮೇಲೆ ಅದೂ ಜಾರುತ್ತದೆ.

ಸಮುದ್ರದ ಬಂಡೆಗಳ ಮೇಲೆ ನಿಂತು ಗಾಳ ಹಾಕುವುದರಲ್ಲಿ ಪಳಗಿದ ಜಪಾನಿನವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ದಪ್ಪ ಕಂಬಳಿಯಂಥ ಒತ್ತು ಬಟ್ಟೆಯ ತಳ, ಅದರ ನಡುನಡುವೆ ಗಿಡ್ಡ ಲೋಹದ ಮೊಳೆ. ಬಟ್ಟೆ ತೊಯ್ದ ಕಲ್ಲನ್ನು ಹಿಡಿಯುತ್ತದೆ, ಮೊಳೆ ಪಾಚಿಯನ್ನು ಸೀಳುತ್ತದೆ. ಮೊಳೆಯ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಬಹು ಗಟ್ಟಿ ವಸ್ತು ಇದ್ದರೆ ಕಲ್ಲಿಗೆ ಉಜ್ಜಿದರೂ ಬೇಗ ಸವೆಯದು. ಬಟ್ಟೆ ತಳಕ್ಕೂ ಒಂದು ಕುಂದುಂಟು. ಅದು ನೀರು ಕುಡಿದರೆ ಒಣಗುವುದು ತಡ, ಒಂದು ಹೊಳೆಯ ಪಾಚಿಯನ್ನು ಇನ್ನೊಂದಕ್ಕೆ ಹೊತ್ತು ಒಯ್ಯುತ್ತದೆ. ನ್ಯೂಜಿಲೆಂಡಿನಲ್ಲಿ 2004ರಲ್ಲಿ ಒಂದು ಪರದೇಶಿ ಪಾಚಿ ಕಾಣಿಸಿಕೊಂಡ ಮೇಲೆ, 2008ರಲ್ಲಿ ಮೀನು ಹಿಡಿಯುವವರಿಗೆ ಬಟ್ಟೆ ತಳದ ಬೂಟನ್ನೇ ನಿಷೇಧಿಸಿದರು.

ನಮ್ಮ ಹೊಳೆಗೆ ಹೊಂದುವುದು ಇಷ್ಟು. ಶುದ್ಧ ಬಂಡೆಯ ಮೇಲಷ್ಟೇ ನಿಲ್ಲುವವರಿಗೆ ಮೆತ್ತನೆಯ ರಬ್ಬರ್‌ನಲ್ಲಿ ಗಿಡ್ಡ ಗುಬ್ಬಿ ಒತ್ತೊತ್ತಾಗಿರುವ, ಲೇಸು ಕಟ್ಟುವ ಕ್ಯಾನ್ವಾಸ್ ಬೂಟು ಸಾಕು. ಪಾಚಿಯ ಮೇಲೆ ಕಾಲಿಡಲೇಬೇಕೆನ್ನುವವರಿಗೆ ರಬ್ಬರ್ ತಳದಲ್ಲಿ ಗಿಡ್ಡ ಲೋಹದ ಮೊಳೆ ಕೂರಿಸಿದ್ದೇ ಬೇಕು. ಮೊಳೆಗಳು ಹಿಮ್ಮಡಿಯಲ್ಲೂ ಅಂಚಿನಲ್ಲೂ ಇರಬೇಕು, ಏಕೆಂದರೆ ಇಳಿಜಾರಿನಲ್ಲಿ ಮೊದಲು ಜಾರುವುದೇ ಹಿಮ್ಮಡಿ. ಇದೇ ಮೊಳೆ ಬೂಟು ಒಣ ನುಣುಪು ಕಲ್ಲಿನ ಮೇಲೂ ಘಟ್ಟದ ಮೆಟ್ಟಿಲ ಮೇಲೂ ಲೋಹವೇ ಜಾರಿಸುತ್ತದೆಂಬುದು ನೆನಪಿರಲಿ. ತೆಪ್ಪ ಹತ್ತುವಾಗ ಬಿಚ್ಚಿಡಬೇಕು, ಇಲ್ಲವಾದರೆ ತೆಪ್ಪದ ತಳಕ್ಕೆ ತೂತು!

ಗಮ್‌ಬೂಟಿನ ಮಾತು ಬೇಡವೇ ಬೇಡ. ಗದ್ದೆಗೆ ಅದು ದೊರೆ, ಹೊಳೆಗೆ ಶತ್ರು. ಜಾರಿ ಬಿದ್ದರೆ ಒಳಗೆ ನೀರು ತುಂಬುತ್ತದೆ, ಆ ಭಾರ ಎತ್ತಿಕೊಂಡು ಬಂಡೆ ಹತ್ತುವುದಾಗದು.

ಕೊಳ್ಳುವವರ ಪರೀಕ್ಷೆ

ಅಂಗಡಿಯಲ್ಲಿ "ಜಾರದ ಬೂಟು ಕೊಡ್ರಿ ಅಣ್ಣಾರ" ಎಂದರೆ, "ತಗೋರಿ, ಭಾಳ ಗ್ರಿಪ್ ಐತಿ" ಎಂಬ ಮಾತು ಧಾರಾಳವಾಗಿ ಸಿಗುತ್ತದೆ. ಗ್ರಿಪ್ ಐತೋ ಇಲ್ಲೋ ಕೊಳ್ಳುವವನೇ ನೋಡಬೇಕು. ತಳಕ್ಕೆ ಹೆಬ್ಬೆರಳ ಉಗುರು ಒತ್ತಿರಿ. ಗುರುತು ಬಿದ್ದರೆ ಮೆತ್ತನೆಯ ರಬ್ಬರ್, ಗಾಜಿನಂತೆ ಮಿಂಚಿ ಜಾರಿದರೆ ಅದು ಹೊಳೆಗೆ ಬಾರದು. ಬೂಟು ಬೆರಳಿನ ಬುಡದಲ್ಲಿ ಬಾಗಬೇಕು. ಹಿಮ್ಮಡಿ ಅಲುಗಬಾರದು. ನೀರು ಹೊರಬೀಳಲು ಪಕ್ಕದಲ್ಲಿ ತೂತಿರಬೇಕು. ಕಾಲುಚೀಲ ಹಾಕಿಕೊಂಡೇ ಅಳತೆ ನೋಡಬೇಕು. ಮೊಳೆ ತಿರುಪಿನದಾದರೆ ಸವೆದಾಗ ಬದಲಿಸಬಹುದು. ಗುಬ್ಬಿ ಸವೆದು ಸಮತಟ್ಟಾದ ಬೂಟನ್ನು "ಇನ್ನೊಂದು ವರ್ಷ ಬರ್ತದ" ಎಂದು ಹೊಳೆಗೆ ತರುವುದು ಉಳಿತಾಯವಲ್ಲ.

ವ್ಯಾಪಾರಸ್ಥರಿಗೂ ಒಂದು ಮಾತು. ರಾಣೇಬೆನ್ನೂರು, ಹರಿಹರದ ಅಂಗಡಿಗಳಲ್ಲಿ ಗಾಳ, ದಾರ ಮಾರುವವರು ನಾಲ್ಕು ಜೊತೆ ಇಂಥ ಬೂಟನ್ನೂ ಇಟ್ಟರೆ ನಷ್ಟವೇನೂ ಇಲ್ಲ. ಗಿರಾಕಿಗೆ "ಯಾವ ಕಲ್ಲಿಗೆ ಹೋಗ್ತೀರಿ?" ಎಂದು ಒಂದು ಪ್ರಶ್ನೆ ಕೇಳಿದರೆ ಪುಣ್ಯವೂ ಬಂತು, ವ್ಯಾಪಾರವೂ ಆಯಿತು.

ಇನ್ನು ಸರಕಾರದ ಪಾಲು. 1997ರಲ್ಲಿ ಜಿಲ್ಲೆಗಳು ಒಡೆದ ಮೇಲೆ ಈ ದಂಡೆ ಹಾವೇರಿಗೆ, ಆ ದಂಡೆ ದಾವಣಗೆರೆಗೆ ಸೇರಿತು. ಜಾರಿದವನನ್ನು ನೀರು ಯಾವ ಜಿಲ್ಲೆಯವನೆಂದು ಕೇಳುವುದಿಲ್ಲ. ಎರಡೂ ದಂಡೆಗೆ ಎಚ್ಚರಿಕೆ ಹಲಗೆ ಬೇಕು, ನೀರು ಬಿಡುವ ಸುದ್ದಿ ದಂಡೆಯವರಿಗೆ ಮುಂಚಿತವಾಗಿ ಮುಟ್ಟಬೇಕು. ಅಷ್ಟಾದರೂ ಹಲಗೆ ಯಾರ ಕಾಲನ್ನೂ ಹಿಡಿದುಕೊಳ್ಳುವುದಿಲ್ಲ.

ಎಂಥ ಬೂಟು ಹಾಕಿದರೂ ಹರಿವು ಜೋರಾದಾಗ ಬಂಡೆಗೆ ಇಳಿಯಬಾರದು, ಒಬ್ಬರೇ ಹೋಗಬಾರದು, ಗಾಳ ಸಿಕ್ಕಿಕೊಂಡರೆ ದಾರ ಕತ್ತರಿಸಿ ಬಿಡಬೇಕೇ ಹೊರತು ಅದರ ಹಿಂದೆ ನೀರಿಗೆ ಹೋಗಬಾರದು. ಒಂದು ರೋಹು ಹೋದರೆ ನಾಳೆ ಇನ್ನೊಂದು ಸಿಕ್ಕೀತು. ಮನೆಯಲ್ಲಿ ಸಾರಿಗೆ ಖಾರ ಅರೆದಿಟ್ಟು ಕಾಯುವವರಿಗೆ ಬೇಕಾದದ್ದು ಮೀನಲ್ಲ, ಮನುಷ್ಯ.