ಉಳಿಸುವುದೋ, ಬಿಚ್ಚುವುದೋ? – ಮೂಲೆ ಸೇರಿದ ಹಳೆಯ ಜಾವಾದ ಲೆಕ್ಕ

ಹಿತ್ತಲಿನ ಮೂಲೆಯಲ್ಲಿ, ಖಾಲಿ ಕೊಟ್ಟಿಗೆಯಲ್ಲಿ, ಮಹಡಿ ಮೆಟ್ಟಿಲಿನ ಕೆಳಗೆ ಗೋಣಿತಾಟು ಹೊದ್ದು ನಿಂತ ಹಳೆಯ ಮೋಟಾರ್ ಸೈಕಲ್ಲುಗಳು ಕರ್ನಾಟಕದ ಊರುಗಳಲ್ಲಿ ಇನ್ನೂ ಎಷ್ಟೋ ಇವೆ. ಒಂದು ಕಾಲದಲ್ಲಿ ಮನೆಯ ಹೆಮ್ಮೆಯಾಗಿದ್ದ ವಾಹನದ ಸೀಟಿನಲ್ಲಿ ಈಗ ಇಲಿ ಸಂಸಾರ ಹೂಡಿರುತ್ತದೆ. ಕಾಲೇಜಿಗೆ ಹೋಗುವ ಮೊಮ್ಮಗನಿಗೆ ಅದನ್ನು ಓಡಿಸುವಂತೆ ಮಾಡುವ ಆಸೆ. ‘ಹಣ ದಂಡ, ಓದೂ ದಂಡ, ಗುಜರಿಗೆ ಹಾಕು’ ಎನ್ನುತ್ತಾರೆ ತಂದೆ. ‘ಬಿಚ್ಚಿ ಕೊಡಿ, ಬಿಡಿಭಾಗಗಳಿಗೆ ಒಳ್ಳೆಯ ಬೆಲೆ ಇದೆ’ ಎನ್ನುತ್ತಾನೆ ಬೀದಿಯ ಮೆಕ್ಯಾನಿಕ್. ಮೂವರ ಮಾತಿನಲ್ಲೂ ಸತ್ಯಾಂಶವಿದೆ. ಹಾಗಾದರೆ ತೀರ್ಮಾನ ಹೇಗೆ?

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಮೊದಲು ಕೈಗೆ ಬರುವುದು ಸ್ಪ್ಯಾನರ್. ಆದರೆ ಮೊದಲು ಕೈಗೆ ಬರಬೇಕಾದದ್ದು ಕಾಗದ ಮತ್ತು ಪೆನ್ಸಿಲ್! ಏಕೆಂದರೆ ಬಿಚ್ಚುವ ಕೆಲಸ ಶುರುವಾಯಿತೆಂದರೆ ತೀರ್ಮಾನ ಅರ್ಧ ಆಗಿಹೋದಂತೆಯೇ.

ಉದಾಹರಣೆಗೆ ಮೈಸೂರಿನ ಜಾವಾವನ್ನೇ ತೆಗೆದುಕೊಳ್ಳೋಣ. ಜಾವಾ ಮೂಲತಃ ಝೆಕ್ ನಾಡಿನದು. ೧೯೨೯ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸವನ್ನು ಕೊಂಡು ತಯಾರಿಕೆ ಆರಂಭಿಸಿದ. ಎರಡೂ ಹೆಸರುಗಳ ಮೊದಲ ಎರಡೆರಡು ಅಕ್ಷರ ಸೇರಿ ‘ಜಾವಾ’ ಆಯಿತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಿಂದ ಈ ವಾಹನಗಳನ್ನು ತಯಾರಿಸಿತು. ೧೯೭೦ರ ದಶಕದಲ್ಲಿ ‘ಯೆಜ್ಡಿ’ ಎಂಬ ಹೆಸರು ಬಂತು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ, ಕಿಕ್ ಹೊಡೆಯಲೂ ಗೇರ್ ಬದಲಿಸಲೂ ಒಂದೇ ಸನ್ನೆ – ಇವು ಆ ವಾಹನದ ವೈಶಿಷ್ಟ್ಯಗಳು. ೧೯೯೬ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ೨೦೧೮ರಲ್ಲಿ ಜಾವಾ, ೨೦೨೨ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದವು ನಿಜ. ಆದರೆ ಇವು ಫೋರ್ ಸ್ಟ್ರೋಕ್ ಎಂಜಿನ್ನಿನ ಹೊಸ ವಾಹನಗಳು. ಇವುಗಳ ಎಂಜಿನ್ ಭಾಗಗಳು ಹಳೆಯ ಟೂ ಸ್ಟ್ರೋಕ್ ಎಂಜಿನ್ನಿಗೆ ಹೊಂದುವುದಿಲ್ಲ. ಅಂದರೆ, ಮೈಸೂರಿನ ಹಳೆಯ ಜಾವಾಗಳ ಸಂಖ್ಯೆ ಇನ್ನು ಕಡಿಮೆಯಾಗಬಹುದೇ ಹೊರತು ಹೆಚ್ಚಾಗಲಾರದು. ಈ ಪ್ರಶ್ನೆಗೆ ತೂಕ ಬರುವುದೇ ಇದರಿಂದ.

ನಿಂತ ವಾಹನ ಏಕೆ ಕೆಡುತ್ತದೆ?

‘ಓಡಿಸಿದರೆ ತಾನೆ ಸವೆಯುವುದು, ನಿಂತದ್ದು ಹೇಗೆ ಕೆಟ್ಟೀತು?’ ಎಂದು ಕೆಲವರು ಕೇಳುವುದುಂಟು. ಕಬ್ಬಿಣ, ನೀರು, ಆಮ್ಲಜನಕ – ಈ ಮೂರು ಸೇರಿದರೆ ತುಕ್ಕು. ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆ. ನೀರಿನ ತೆಳುಪದರದಲ್ಲಿ ಕರಗಿದ ಆಮ್ಲಜನಕ ಅವನ್ನು ಪಡೆಯುತ್ತದೆ. ಲೋಹದ ಮೇಲ್ಮೈಯಲ್ಲಿ ಪುಟ್ಟ ವಿದ್ಯುತ್ ಕೋಶಗಳೇ ಏರ್ಪಟ್ಟಂತೆ! ಮಳೆ ಬೀಳದ ಜಾಗದಲ್ಲೂ ಇದು ತಪ್ಪಿದ್ದಲ್ಲ. ರಾತ್ರಿ ಲೋಹ ತಣ್ಣಗಾದಾಗ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದರಂತೂ ತೇವ ಒಳಗೇ ಉಳಿಯುತ್ತದೆ. ತುಕ್ಕಿನ ಗಾತ್ರ ಅದು ತಿಂದುಹಾಕಿದ ಕಬ್ಬಿಣದ ಇಮ್ಮಡಿಗೂ ಮಿಕ್ಕಿರುತ್ತದೆ. ಆದ್ದರಿಂದಲೇ ಬೋಲ್ಟುಗಳು ‘ಕಚ್ಚಿಕೊಳ್ಳು’ತ್ತವೆ, ಎರಕದ ಕಬ್ಬಿಣದ ಸಿಲಿಂಡರಿನಲ್ಲಿ ಪಿಸ್ಟನ್ ಸಿಕ್ಕಿಬೀಳುತ್ತದೆ.

ಟೂ ಸ್ಟ್ರೋಕ್ ಎಂಜಿನ್ನಿಗೆ ಇನ್ನೂ ಒಂದು ತೊಂದರೆಯಿದೆ. ಫೋರ್ ಸ್ಟ್ರೋಕ್ ಎಂಜಿನ್ನಿನ ತಳದಲ್ಲಿ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತದೆ. ಜಾವಾದಲ್ಲಿ ಹಾಗಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಕ್ರ್ಯಾಂಕಿನ ಬೇರಿಂಗುಗಳನ್ನು ನೆನೆಸಬೇಕು. ಎಂಜಿನ್ ನಿಂತರೆ ಎಣ್ಣೆಯ ಪೂರೈಕೆಯೂ ನಿಂತಿತು. ವರ್ಷಗಟ್ಟಲೆ ತೇವ ತಳಕ್ಕಿಳಿದು ಬೇರಿಂಗುಗಳನ್ನು ತಿನ್ನುತ್ತದೆ. ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ರಬ್ಬರ್ ಸೀಲುಗಳು ಗಟ್ಟಿಯಾಗಿ ಬಿರುಕು ಬಿಡುತ್ತವೆ. ಬಿರುಕಿನಿಂದ ಗಾಳಿ ಒಳನುಗ್ಗಿದರೆ ಪೆಟ್ರೋಲಿನ ಪ್ರಮಾಣ ತಗ್ಗಿ, ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಸಿಲಿಂಡರಿಗಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ ನಡುದಾರಿಯಲ್ಲೇ ಎಂಜಿನ್ ಜಾಮ್! ‘ಕಿಕ್ ಹೊಡೆದ ತಕ್ಷಣ ಸ್ಟಾರ್ಟ್ ಆಯಿತು, ಎಲ್ಲ ಸರಿಯಿದೆ’ ಎಂದು ಹಿಗ್ಗುವವರು ಈ ಮಾತನ್ನು ನೆನಪಿಡಬೇಕು. ಸ್ಟಾರ್ಟ್ ಆಗುವುದು ಬೇರೆ, ಆರೋಗ್ಯವಾಗಿರುವುದು ಬೇರೆ.

ಟ್ಯಾಂಕಿನಲ್ಲಿ ಉಳಿದ ಪೆಟ್ರೋಲೂ ಸುಮ್ಮನಿರುವುದಿಲ್ಲ. ಬೇಗ ಆವಿಯಾಗುವ ಅಂಶಗಳು ಹಾರಿಹೋಗಿ, ಉಳಿದವು ಆಮ್ಲಜನಕದೊಡನೆ ಸೇರಿ ಅಂಟಾಗುತ್ತವೆ. ಈ ಅಂಟು ಕಾರ್ಬುರೇಟರಿನ ಸೂಜಿಮೊನೆಯಂಥ ರಂಧ್ರಗಳನ್ನು ಮುಚ್ಚುತ್ತದೆ. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ. ವಾಹನವನ್ನು ಉಳಿಸಲು ಹೊರಟವರು ಇಂಧನದ ಕೊಳವೆ, ವಾಷರುಗಳನ್ನು ಹೊಸದಾಗಿ ಹಾಕಲೇಬೇಕು.

ಪರೀಕ್ಷೆಯ ಕ್ರಮ

ವೈದ್ಯರು ಮೊದಲು ನಾಡಿ ನೋಡುತ್ತಾರೆ, ಆಮೇಲಷ್ಟೇ ಕತ್ತಿ ಹಿಡಿಯುತ್ತಾರೆ. ಇಲ್ಲಿಯೂ ಕ್ರಮ ಅದೇ.

ಮೊದಲನೆಯದು ದಾಖಲೆ. ಆರ್.ಸಿ. ಪುಸ್ತಕ ಇದೆಯೇ? ಅದರಲ್ಲಿರುವ ಎಂಜಿನ್ ನಂಬರ್, ಚಾಸಿಸ್ ನಂಬರ್ ವಾಹನದ ಮೇಲಿನ ನಂಬರುಗಳಿಗೆ ಹೊಂದುತ್ತವೆಯೇ? ನಂಬರನ್ನು ಓದಲು ಸೀಮೆಎಣ್ಣೆ ಮತ್ತು ಮೆತ್ತನೆಯ ಬ್ರಷ್ ಸಾಕು. ಉಜ್ಜುಕಾಗದ ಅಥವಾ ಗ್ರೈಂಡರ್ ಹಿಡಿದರೆ ತುಕ್ಕಿನ ಜೊತೆಗೆ ನಂಬರೂ ಅಳಿಸಿಹೋದೀತು! ನಂಬರ್ ಅಳಿದ ಚಾಸಿಸ್ ಕಾನೂನಿನ ಕಣ್ಣಿನಲ್ಲಿ ಅನುಮಾನದ ವಸ್ತು.

ಎರಡನೆಯದು ಚಾಸಿಸ್, ಅಂದರೆ ಚೌಕಟ್ಟು. ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತ ಹೋಗಬೇಕು. ಗಟ್ಟಿ ಉಕ್ಕು ‘ಠಣ್’ ಎನ್ನುತ್ತದೆ. ಒಳಗೆ ತುಕ್ಕು ತಿಂದ ಕಡೆ ದನಿ ಮಂಕಾಗುತ್ತದೆ. ಅಪಘಾತದಲ್ಲಿ ಬಾಗಿದ ಗುರುತು, ಮರುಬೆಸುಗೆಯ ಕಲೆಗಳನ್ನೂ ನೋಡಬೇಕು.

ಮೂರನೆಯದು ಎಂಜಿನ್. ಸ್ಪಾರ್ಕ್ ಪ್ಲಗ್ ತೆಗೆದು ರಂಧ್ರದೊಳಗೆ ತೆಳು ಎಣ್ಣೆ ಬಿಟ್ಟು ಒಂದು ವಾರ ತಾಳ್ಮೆಯಿಂದ ಕಾಯಬೇಕು. ನಂತರ ಕಿಕ್ ಸನ್ನೆಯನ್ನು ಕೈಯಿಂದಲೇ ಒತ್ತಿ ನೋಡಬೇಕು. ಅದರ ಮೇಲೆ ಹಾರಿ ನಿಲ್ಲುವುದು ಸಲ್ಲದು. ಪಿಸ್ಟನ್ ಕೆಟ್ಟಿದ್ದರೆ ಅಂಜಬೇಕಿಲ್ಲ. ಸಿಲಿಂಡರನ್ನು ಕೊರೆದು ಹಿಗ್ಗಿಸಿ, ಸ್ವಲ್ಪ ದೊಡ್ಡ ಅಳತೆಯ ಪಿಸ್ಟನ್ ಹಾಕುವ ಪದ್ಧತಿ ಹಿಂದಿನಿಂದಲೂ ಇದೆ. ಆದರೆ ಎಂಜಿನ್ನಿನ ಅಲ್ಯೂಮಿನಿಯಂ ಹೊರಕವಚ ಒಡೆದಿದ್ದರೆ ಅದು ದೊಡ್ಡ ಪೆಟ್ಟು.

ಒಂದು ಎಚ್ಚರಿಕೆಯನ್ನು ತಂದೆತಾಯಿಗಳು ಗಮನಿಸಬೇಕು. ಖಾಲಿಯಾದ ಪೆಟ್ರೋಲ್ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಒಳಗೆ ಉಳಿದ ಆವಿ ಮತ್ತು ಗಾಳಿ ಸೇರಿ ಸ್ಫೋಟಕ ಮಿಶ್ರಣವಾಗಿರುತ್ತದೆ. ಅದಕ್ಕೆ ಬೆಂಕಿ, ಬೆಸುಗೆ ಸೋಕಕೂಡದು. ಆ ಕೆಲಸ ಬಲ್ಲವರಿಗೇ ಸೇರಿದ್ದು.

ಮೂರು ಕಂಬದ ಲೆಕ್ಕ

ಪರೀಕ್ಷೆ ಮುಗಿದ ಮೇಲೆ ಕಾಗದದ ಮೇಲೆ ಮೂರು ಕಂಬ ಎಳೆಯಬೇಕು. ಮೊದಲ ಕಂಬದಲ್ಲಿ ರಿಪೇರಿಯ ಖರ್ಚು: ಬಿಡಿಭಾಗ, ಕೂಲಿ, ಬಣ್ಣ, ಟೈರು, ದಾಖಲೆ. ಮೊತ್ತದ ಮೂರನೇ ಒಂದು ಭಾಗವನ್ನು ‘ಬಿಚ್ಚಿದ ಮೇಲೆ ಕಾಣುವ ರೋಗ’ಗಳಿಗೆಂದು ಸೇರಿಸಬೇಕು. ಎರಡನೆಯ ಕಂಬದಲ್ಲಿ, ಅದೇ ಮಾದರಿಯ ಓಡುವ ವಾಹನಕ್ಕೆ ಈಗಿರುವ ಬೆಲೆ. ಮೊದಲನೆಯದು ಎರಡನೆಯದಕ್ಕಿಂತ ಕಡಿಮೆಯಿದ್ದರೆ ಚರ್ಚೆಯೇ ಬೇಡ, ಉಳಿಸಿಕೊಳ್ಳುವುದೇ ಸರಿ. ಹೆಚ್ಚಿದ್ದರೆ?

ಆಗ ಮೂರನೆಯ ಕಂಬ ನೆರವಿಗೆ ಬರುತ್ತದೆ. ಅದರ ಹೆಸರು ಮಮತೆ. ‘ಅಜ್ಜನ ನೆನಪಿಗಾಗಿ ಮಾರುಕಟ್ಟೆ ಬೆಲೆಗಿಂತ ಎಷ್ಟು ಹೆಚ್ಚು ಕೊಡಲು ಈ ಮನೆ ಸಿದ್ಧ?’ ಎಂದು ಕೇಳಿಕೊಂಡು, ಬಂದ ಅಂಕಿಯನ್ನು ಬರೆದಿಡಬೇಕು. ಮಮತೆ ತಪ್ಪಲ್ಲ, ಅದನ್ನು ಲೆಕ್ಕಕ್ಕೆ ತರದೆ ಮೊದಲ ಕಂಬದಲ್ಲಿ ಅಡಗಿಸಿಡುವುದು ತಪ್ಪು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನೆನಪಿಗೂ ಅನ್ವಯಿಸುತ್ತದೆ. ಹಣದ ಜೊತೆಗೆ ಸಮಯದ ಲೆಕ್ಕವೂ ಇರಲಿ. ಪರೀಕ್ಷೆಯ ವರ್ಷದಲ್ಲಿರುವ ವಿದ್ಯಾರ್ಥಿಗೆ ವಾಹನ ಇನ್ನೊಂದು ವರ್ಷ ಕಾದರೂ ನಷ್ಟವಿಲ್ಲ – ಎಣ್ಣೆ ಸವರಿ, ಗಾಳಿಯಾಡುವ ಒಣ ಜಾಗದಲ್ಲಿ ಇಟ್ಟರೆ ಸಾಕು.

ಐವತ್ತು ವರ್ಷ ದಾಟಿದ ವಾಹನವಾದರೆ ಇನ್ನೊಂದು ಸಂಗತಿಯಿದೆ. ೨೦೨೧ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಇಂತಹ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಂಟೇಜ್’ ನೋಂದಣಿಯ ಅವಕಾಶ ಕಲ್ಪಿಸಿತು. ಹೊಸ ನೋಂದಣಿಗೆ ನಿಗದಿಯಾದ ಶುಲ್ಕ ೨೦,೦೦೦ ರೂಪಾಯಿ. ಈಗಾಗಲೇ ನೋಂದಣಿಯಾದ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಎರಡು ಷರತ್ತು: ಚಾಸಿಸ್, ಎಂಜಿನ್ ಮುಂತಾದವುಗಳಲ್ಲಿ ಹೆಚ್ಚಿನ ಮಾರ್ಪಾಡು ಮಾಡದೆ ಮೂಲರೂಪದಲ್ಲೇ ಇಟ್ಟಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಸಬಾರದು. ಅಂದರೆ ಕಾಲೇಜಿಗೆ ಹೋಗಿಬರಲೆಂದು ಕೇಳುವ ಹುಡುಗನಿಗೆ ಈ ದಾರಿ ಒದಗದು!

ಬಿಚ್ಚುವುದೂ ಒಂದು ಧರ್ಮ

ಚೌಕಟ್ಟು ತುಕ್ಕಿನಿಂದ ಟೊಳ್ಳಾಗಿದೆ, ಎಂಜಿನ್ ಕವಚ ಒಡೆದಿದೆ, ದಾಖಲೆಯ ಸುಳಿವಿಲ್ಲ – ಹೀಗಿದ್ದಲ್ಲಿ ಬಿಚ್ಚುವುದೇ ವಿವೇಕ. ಅದರಲ್ಲಿ ನಾಚಿಕೆಯೇನೂ ಇಲ್ಲ. ಒಂದರ ಕಾರ್ಬುರೇಟರ್, ಹೆಡ್‌ಲ್ಯಾಂಪ್, ಟ್ಯಾಂಕ್, ಗೇರುಗಳು ಬೇರೆ ಊರಿನ ಮೂರು ವಾಹನಗಳನ್ನು ಮತ್ತೆ ರಸ್ತೆಗೆ ತರಬಲ್ಲವು. ನೇತ್ರದಾನದಂತೆ ಇದೂ ಒಂದು ದಾನವೇ. ಆದರೆ ಒಳ್ಳೆಯ ಭಾಗಗಳು ಬೇಗ ಮಾರಾಟವಾಗಿ, ಉಳಿದವು ಮನೆಯಲ್ಲೇ ಬೀಳುತ್ತವೆ ಎಂಬುದನ್ನು ಲೆಕ್ಕ ಹಾಕುವಾಗ ಮರೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಆರ್.ಸಿ. ಪುಸ್ತಕವನ್ನು ಬಿಡಿಭಾಗದಂತೆ ಮಾರಕೂಡದು. ಅದು ಕಳವಿನ ವಾಹನಕ್ಕೆ ಮುಖವಾಡವಾದೀತು. ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಹದಿನಾಲ್ಕು ದಿನಗಳೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಪುಸ್ತಕವನ್ನು ಒಪ್ಪಿಸಬೇಕೆಂದು ೧೯೮೮ರ ಮೋಟಾರು ವಾಹನ ಕಾಯ್ದೆಯ ೫೫ನೇ ವಿಭಾಗ ಹೇಳುತ್ತದೆ.

ಉಳಿಸುವುದು ಒಂದು ದಾರಿ, ಬಿಚ್ಚಿ ಹಂಚುವುದು ಇನ್ನೊಂದು ದಾರಿ. ಎರಡೂ ಒಳ್ಳೆಯವೇ. ಕೆಟ್ಟದ್ದು ಮೂರನೆಯದು: ರಜೆಯ ಉತ್ಸಾಹದಲ್ಲಿ ಬಿಚ್ಚಿ, ಹಣ ಮುಗಿದು, ಕಾಲೇಜು ಶುರುವಾಗಿ, ಭಾಗಗಳೆಲ್ಲ ಗೋಣಿಚೀಲ ಸೇರುವುದು. ಯಾವ ನಟ್ಟು ಎಲ್ಲಿಯದೆಂದು ಎರಡು ವರ್ಷದ ಮೇಲೆ ಬಿಚ್ಚಿದವನಿಗೂ ತಿಳಿಯದು. ಬಿಚ್ಚಲು ಒಂದು ದಿನ ಸಾಕು. ಜೋಡಿಸಲು ತಿಂಗಳುಗಳು ಬೇಕು. ನಿಂತಾಗ ಅದು ವಾಹನವಾಗಿತ್ತು, ಚೀಲದಲ್ಲಿ ಅದು ಬರೀ ತೂಕದ ಕಬ್ಬಿಣ. ಆದ್ದರಿಂದ ಉಳಿಸಲು ತೀರ್ಮಾನಿಸಿದವರು ಪ್ರತಿ ಹಂತದ ಫೋಟೋ ತೆಗೆದು, ಭಾಗಗಳನ್ನು ಚೀಟಿ ಅಂಟಿಸಿದ ಡಬ್ಬಿಗಳಲ್ಲಿ ಇಡಬೇಕು. ಮೊದಲು ಬ್ರೇಕು, ಆಮೇಲೆ ಎಂಜಿನ್, ಕೊನೆಗೆ ಬಣ್ಣ. ಹದಿನೆಂಟು ತುಂಬಿ ಲೈಸೆನ್ಸ್ ಪಡೆದ ಮೇಲೆ ಸವಾರಿ.

ಮಾಡಿ ನೋಡಿ

ನಾಲ್ಕು ಗಾಜಿನ ಲೋಟಗಳಲ್ಲಿ ಒಂದೊಂದು ಹೊಸ ಕಬ್ಬಿಣದ ಮೊಳೆ ಇಡಿ. ಒಂದಕ್ಕೆ ನಲ್ಲಿಯ ನೀರು, ಇನ್ನೊಂದಕ್ಕೆ ಉಪ್ಪುನೀರು, ಮೂರನೆಯದಕ್ಕೆ ಚೆನ್ನಾಗಿ ಕುದಿಸಿ ಆರಿಸಿದ ನೀರು ಹಾಕಿ ಮೇಲೆ ಎಣ್ಣೆಯ ಪದರ. ನಾಲ್ಕನೆಯದರಲ್ಲಿ ಗ್ರೀಸ್ ಬಳಿದ ಮೊಳೆಗೆ ನಲ್ಲಿಯ ನೀರು. ಒಂದು ವಾರ ದಿನವೂ ನೋಡಿ ಬರೆದಿಡಿ. ಯಾವುದು ಮೊದಲು ಕೆಂಪಾಯಿತು, ಯಾವುದು ಹೊಳಪು ಉಳಿಸಿಕೊಂಡಿತು, ಏಕೆ? ಈ ಲೋಟಗಳ ಉತ್ತರ ತಿಳಿದವರಿಗೆ ಹಿತ್ತಲಿನ ಮೋಟಾರ್ ಸೈಕಲ್ಲಿಗೆ ಈ ಮಳೆಗಾಲಕ್ಕೆ ಮುಂಚೆ ಏನು ಮಾಡಬೇಕೆಂಬುದೂ ತಿಳಿಯುತ್ತದೆ. ಉಳಿಸುವುದೋ ಬಿಚ್ಚುವುದೋ ಎಂಬ ತೀರ್ಮಾನ ನಿಧಾನವಾಗಿಯೇ ಆಗಲಿ. ತುಕ್ಕು ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ.